ಅವ್ವನ ಎದೆಯ ಚಿತ್ರ

ಅವ್ವ ನನ್ನ ಮಗಳನ್ನು ಮುಟ್ಟುವುದನ್ನೇ ಬಿಟ್ಟಿದ್ದಳು. ಬಾಣಂತನಕ್ಕೆಂದು ನಾನು ಅರಕಲಗೂಡಿನ ಹತ್ತಿರದ ತವರಿಗೆ ಬಂದಾಗ ಕೂಸಿಗೆ ಎಣ್ಣೆ, ನೀರು, ಧೂಪ ಎಲ್ಲವೂ ಅವಳದೇ ಆಗಿತ್ತು. ತಿಂಗಳು ಕಳೆಯುವಷ್ಟರಲ್ಲಿ ಅವಳಿಗೆ ಕೆಮ್ಮು ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ. ತಟ್ಟೆ ಲೋಟ ಬೇರೆ ಮಾಡಿಕೊಂಡು, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಪಕ್ಕದ ಜಗುಲಿಗೆ ಚಾಪೆ ಸಾಗಿಸಿಬಿಟ್ಟಳು. ಅವಳ ಅಕ್ಕ ಬೆಟ್ಟಮ್ಮ ಟಿ.ಬಿ.ಯಲ್ಲಿ ತೀರಿಹೋದವಳು. ತನಗೂ ಅದೇ ಎಂದು ಅವ್ವ ತಾನೇ ತೀರ್ಪು ಕೊಟ್ಟುಕೊಂಡಿದ್ದಳು.

ಕಫ ಪರೀಕ್ಷೆಯಲ್ಲಿ ಟಿ.ಬಿ. ಇಲ್ಲ ಎಂದು ಎರಡು ಸಲ ಬಂತು. ನಂಬಬೇಕಲ್ಲ! ಆಸ್ತಮಾ ಎಂದು ಕೊಟ್ಟ, ಬಾಯಿಗಿಟ್ಟು ಎಳೆದುಕೊಳ್ಳುವ ಪಂಪಿಗೂ ಕೆಮ್ಮು ಬಗ್ಗಲಿಲ್ಲ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ಆ ಬಂಧು ಅಂಗಳದಾಚೆ ನಿಂತು ಕೂಸಿನ ಕಡೆ ಕತ್ತು ಉದ್ದ ಮಾಡುವುದನ್ನು ನೋಡಿ ನನಗೆ ಅಳುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ನನಗೆ ಸಿಟ್ಟೇ ಮೊದಲು ಬರುವುದು.

"ಇಲ್ಲ ಅಂತ ಬರ್ಕೊಟ್ಟವ್ರಲ್ಲವ್ವ! ಒಂದ್ಸಲ ಎತ್ಕೋ."

"ಸುಮ್ಕಿರು ಲತಾ, ನಿಂಗೊತ್ತಾಗಕಿಲ್ಲ. ಕೂಸಿನ ಎದೆ ಎಳೇದು."

ಕೊನೆಗೆ, ಕೂಸಿಗೆ ಏಳು ತಿಂಗಳು ತುಂಬುವ ಹೊತ್ತಿಗೆ, ಎಕ್ಸ್‌ರೇಯಲ್ಲಿ ಬಲಗಡೆ ಏನೋ ಮಬ್ಬು ಕಂಡಿತೆಂದು ಹಾಸನಕ್ಕೆ ಕಳಿಸಿದರು. ಬಸ್ಸಿನಲ್ಲಿ ನಾನೂ ಕೂಸೂ ಮುಂದೆ, ಅಪ್ಪ ನಡುವೆ, ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಟ್ಟಕಡೆಯ ಸೀಟಿನಲ್ಲಿ. ನೋಡಿದವರು ಇವರ ಮನೆಯಲ್ಲಿ ಏನೋ ಜಗಳ ಎಂದುಕೊಂಡಿರಬೇಕು.

ಸಿ.ಟಿ. ಸ್ಕ್ಯಾನ್ ಆಯಿತು. ಡಾಕ್ಟರ್ ಸುದರ್ಶನ್ ನಮ್ಮನ್ನು ಒಳಗೆ ಕರೆದು ಕಂಪ್ಯೂಟರಿನಲ್ಲಿ ತೋರಿಸಿದರು. ಪದರ ಪದರವಾಗಿ ತೆಗೆದ ಚಿತ್ರಗಳನ್ನೆಲ್ಲ ಕೂಡಿಸಿ ಅವ್ವನ ಉಸಿರಿನ ಕೊಳವೆಯನ್ನು ಇಡಿಯಾಗಿ ನಿಲ್ಲಿಸಿತ್ತು ಆ ಯಂತ್ರ. ಸಂತೆಯಲ್ಲಿ ಕುಂಬಳಕಾಯಿ ತಿರುಗಿಸಿ ನೋಡುವ ಹಾಗೆ ಅದನ್ನು ಹಿಂದೆ ಮುಂದೆ ತಿರುಗಿಸಿದರು. ಆಮೇಲೆ ಚಿತ್ರ ಕೊಳವೆಯ ಒಳಕ್ಕೇ ಇಳಿಯಿತು. ದಾರಿ ಎರಡಾಯಿತು, ಬಲಕ್ಕೆ ಹೊರಳಿತು. ಮುಂದೆ ದಾರಿಯೇ ಇರಲಿಲ್ಲ.

"ಇಲ್ಲಿ ಮುಚ್ಚಿದೆ ನೋಡಿ," ಎಂದರು ಡಾಕ್ಟರು. "ಗೆಡ್ಡೆ ಇರಬಹುದು. ಆದರೆ ಸುತ್ತಲ ಗೋಡೆ ನೋಡಿದರೆ ಹೊರಗಿನಿಂದ ಏನೋ ಹೋಗಿ ಸಿಕ್ಕಿಕೊಂಡ ಹಾಗಿದೆ. ಎಲೆಅಡಿಕೆ ಹಾಕ್ತೀರಾ?"

"ಆಕ್ತೀನಿ ಸಾ."

"ಬಾಯಲ್ಲಿಟ್ಟುಕೊಂಡೇ ಮಲಗ್ತೀರಾ?"

ಅವ್ವ ನನ್ನ ಮುಖ ನೋಡಿದಳು. ಉಂಡ ಮೇಲೆ ಎಲೆಅಡಿಕೆಯನ್ನು ದವಡೆಗೆ ಒತ್ತಿಕೊಂಡು ಹಾಗೇ ತೂಕಡಿಸುವುದು ನಮ್ಮ ಕಡೆಯ ಹೆಂಗಸರಿಗೆ ಒಂದು ಸುಖ. ಕೂಸು ನಿದ್ದೆ ಮಾಡದ ದಿನಗಳಲ್ಲಿ ಅವ್ವ ಅದನ್ನು ಕಾಲಮೇಲೆ ಹಾಕಿಕೊಂಡು ಗೋಡೆಗೆ ಒರಗಿ ಹಾಗೇ ಕೂತಿರುತ್ತಿದ್ದಳು.

"ಒಂದಿನ ಕೂಸು ಬೆಚ್ಚಿಬಿದ್ದು ಕಿಟಾರ್ ಅಂತು ಸಾ," ಎಂದಳು ಅವ್ವ ಮೆಲ್ಲಗೆ. "ತೂಕಡಿಸ್ತಿದ್ನಾ, ಗಾಬ್ರಿಯಾಗಿ ಉಸ್ರು ಎಳ್ಕಂಡ್‌ಬುಟ್ಟೆ. ಗಂಟ್ಲಿಗೆ ಏನೋ ಓದಂಗಾಯ್ತು. ಕೆಮ್ಮಿ ಕೆಮ್ಮಿ ಸುಮ್ಕಾದೆ. ಕೂಸು ಮಲಗ್ತಲ್ಲ, ನಾನೂ ಮರ್ತೋದೆ."

ನಾನು ಮಡಿಲಲ್ಲಿದ್ದ ಕೂಸಿನ ಕಡೆ ನೋಡಿದೆ.

ಗೆಡ್ಡೆಯೋ ಅಡಿಕೆಯೋ ಎಂದು ಮಾರನೆಯ ದಿನ ಉಸಿರಿನ ಕೊಳವೆಯೊಳಗೆ ತೆಳು ಪೈಪು ಬಿಟ್ಟು ನೋಡುವವರೆಗೂ ನಮ್ಮ ಜೀವದಲ್ಲಿ ಜೀವ ಇರಲಿಲ್ಲ. ಅಪ್ಪ ಕಾಫಿ ತರುತ್ತೇನೆಂದು ಹೋಗಿ ಬರಿಗೈಯಲ್ಲಿ ಬಂದ. ಡಾಕ್ಟರು ಹೊರಗೆ ಬಂದಾಗ ಅವರ ಕೈಯಲ್ಲಿದ್ದ ಸಣ್ಣ ಸೀಸೆಯಲ್ಲಿ ಕಪ್ಪಗಾದ ಒಂದು ಅಡಿಕೆ ಚೂರಿತ್ತು.

"ಬೆಟ್ಟ ಅಗ್ದು ಇಲಿ ಇಡ್ದಂಗಾಯ್ತಲ್ಲ ಸಾ," ಎಂದು ನಕ್ಕ ಅಪ್ಪ ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡ.

ಸಂಜೆ ಅವ್ವ ಎದ್ದು ಕೂತಳು. ಊಟ ಯಾವಾಗ, ಮನೆಗೆ ಯಾವಾಗ ಎಂದೇನೂ ಕೇಳಲಿಲ್ಲ. "ಸಾ, ಇದು ಅಂಟೋ ಕಾಯ್ಲೆ ಅಲ್ಲ ಅಲ್ವಾ?" ಎಂದಳು.

"ಅಡಿಕೆ ಎಲ್ಲಾದರೂ ಅಂಟುತ್ತಾ ಅಮ್ಮ?" ಎಂದು ನಕ್ಕರು ಡಾಕ್ಟರು.

ಅವ್ವ ನಗಲಿಲ್ಲ. ನಲ್ಲಿಯ ಹತ್ತಿರ ಹೋಗಿ ಮೊಣಕೈವರೆಗೂ ತೊಳೆದುಕೊಂಡು ಬಂದು, ಸೆರಗಿಗೆ ಒರೆಸಿ, ಎರಡೂ ಕೈ ಚಾಚಿದಳು. ನಾನು ಕೂಸನ್ನು ಕೊಟ್ಟೆ.

ಕೂಸಿಗೆ ಅವಳ ಗುರುತೇ ಇರಲಿಲ್ಲ. ಒಂದು ಗಳಿಗೆ ಮುಖ ನೋಡಿತು, ತುಟಿ ಸೊಟ್ಟ ಮಾಡಿತು, ವಾರ್ಡಿಗೆ ವಾರ್ಡೇ ತಿರುಗಿ ನೋಡುವ ಹಾಗೆ ಚೀರಿಕೊಂಡು ನನ್ನ ಕಡೆ ಬಾಗಿತು. ನನ್ನ ಕರುಳು ಕಿತ್ತುಬಂತು. ಕೂಸಿಗಾಗಿ ಅಲ್ಲ, ಅವ್ವನಿಗಾಗಿ.

"ಕೊಡವ್ವ, ಸಮಾಧಾನ ಮಾಡ್ತೀನಿ," ಎಂದೆ.

ಅವ್ವ ಅದನ್ನು ಎದೆಗೆ ಇನ್ನಷ್ಟು ಅವಚಿಕೊಂಡಳು. ಅವಳ ಕಣ್ಣೀರು ಕೂಸಿನ ನೆತ್ತಿಯ ಮೇಲೆ ಬೀಳುತ್ತಿತ್ತು.

"ಕೊಡಕಿಲ್ಲ ಓಗು," ಎಂದಳು. "ಇಷ್ಟ್ ದಿನ ನೀನೇ ಇಟ್ಕಂಡಿದ್ದಲ್ಲ. ಅಳ್ಳಿ ಬುಡು, ನನ್ನತ್ರನೇ ಅಳ್ಳಿ."