ಒಂಬತ್ತನೇ ನಂಬರಿನ ಜೆರ್ಸಿ

ಓರ್ವಿಲ್ ಡಗ್ಗನ್ ಮ್ಯೂಸಿಯಮ್ಮಿಗೆ ತಂದುಕೊಟ್ಟ ರಟ್ಟಿನ ಪೆಟ್ಟಿಗೆ ಬಿಚ್ಚಿದಾಗಿನಿಂದ ಮ್ಯೂಸಿಯಮ್ ನೋಡಿಕೊಳ್ಳುವ ಐಲೀನ್ ಕಿವೆಲಾಳಿಗೆ ಸಮಾಧಾನವಿರಲಿಲ್ಲ. ಒಳಗಿದ್ದದ್ದು ಕೋಲ್ಟರ್ ಗಣಿ ತಂಡದ ಐಸ್ ಹಾಕಿ ಸಮವಸ್ತ್ರ: ಹಸಿರು ಉಣ್ಣೆಯ ಜೆರ್ಸಿ, ಉದ್ದನೆಯ ಕಾಲುಚೀಲ, ಬೆನ್ನ ಮೇಲೆ ಒಂಬತ್ತು. ಅದು ರೈನೋ ಸಲ್ಮಿಯದು. ೧೯೫೭ರ ಫೈನಲ್‌ನಲ್ಲಿ ಮೂರು ಗೋಲು ಹೊಡೆದು ಆ ಚಿಕ್ಕ ಲೀಗಿನ ಕಪ್ಪನ್ನು ಊರಿಗೆ ತಂದವನು. ಅದೇ ವಾರ ಜೆರ್ಸಿ ಕಾಣೆಯಾಗಿತ್ತು. ತಂಡದ ಬಟ್ಟೆ ಒಗೆಯುತ್ತಿದ್ದ ಡೆಲಿಯಾ ಬೌಷೆ ಅದನ್ನು ಮಾರಿಕೊಂಡಳೆಂದು ಊರೆಲ್ಲ ಆಡಿಕೊಂಡು, ಅವಳ ಕೆಲಸವೂ ಹೋಗಿತ್ತು.

"ಎಲ್ಲಿ ಸಿಕ್ತು ಇದು?" ಎಂದು ಐಲೀನ್ ಅವತ್ತೇ ಕೇಳಿದ್ದಳು.

"ಯಾವುದೋ ಹಳೇ ಸಾಮಾನಿನ ಅಂಗಡೀಲಮ್ಮ," ಎಂದಿದ್ದ ಓರ್ವಿಲ್. ಎಪ್ಪತ್ತು ದಾಟಿದ ಅವನೂ ಒಂದು ಕಾಲಕ್ಕೆ ಅದೇ ತಂಡದಲ್ಲಿದ್ದವನು.

ಅಂಗಡಿಯಲ್ಲಿ ಬಿದ್ದಿದ್ದ ಉಣ್ಣೆಗೆ ನುಸಿ ಹಿಡಿಯಬೇಕಿತ್ತು. ಇದರಲ್ಲಿ ಒಂದೂ ತೂತಿಲ್ಲ. ಯಾರೋ ಮಡಿಕೆ ಮಡಿಕೆಗೂ ದೇವದಾರು ಚಕ್ಕೆ ಇಟ್ಟು ಜೋಪಾನ ಮಾಡಿದ್ದರು. ಐಲೀನ್ ಫೈನಲ್ ದಿನದ ಫೋಟೋಗೆ ಭೂತಗನ್ನಡಿ ಹಿಡಿದಳು. ಕಪ್ ಎತ್ತಿ ನಿಂತ ರೈನೋನ ಎಡತೋಳು ಮೊಣಕೈ ಹತ್ತಿರ ಹರಿದು ಜೋತಾಡುತ್ತಿತ್ತು. ಮೇಜಿನ ಮೇಲಿದ್ದ ಜೆರ್ಸಿಯಲ್ಲಿ ಅದೇ ಜಾಗವನ್ನು ಎಳೆಗೆ ಎಳೆ ಕೂಡಿಸಿ ರಫೂ ಮಾಡಲಾಗಿತ್ತು. ಕದ್ದು ಮಾರುವವಳು ಇಷ್ಟು ಹೊತ್ತು ಕೂತು ಹೊಲಿಯುತ್ತಾಳೆಯೇ?

ಓರ್ವಿಲ್‌ನನ್ನು ಮತ್ತೆ ಕರೆಸಿ, ಫೋಟೋವನ್ನೂ ತೋಳನ್ನೂ ಅಕ್ಕಪಕ್ಕ ಇಟ್ಟಳು.

"ಇದನ್ನ ಹೊಲಿದೋರು ಯಾರು?"

"ನಂಗೇನು ಗೊತ್ತು. ಅಂಗಡಿಯವನಿರಬಹುದು."

"ಯಾವ ಅಂಗಡಿ, ಓರ್ವಿಲ್? ಈ ಊರಲ್ಲಿ ಇದ್ದದ್ದೇ ಎರಡು. ಎರಡೂ ಕಡೆ ವಿಚಾರಿಸಿದೀನಿ."

ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಡೆಲಿಯಾನೇ ಹೊಲಿದಿದ್ದು. ಸೋಮವಾರ ಬೆಳಿಗ್ಗೆ ತಂದು ತಂಡದ ಕೋಣೇಲಿ ಗೂಟಕ್ಕೆ ಹಾಕಿ ಹೋದ್ಲು. ಫೈನಲ್‌ನಲ್ಲಿ ನನ್ನನ್ನ ಒಂದು ನಿಮಿಷಾನೂ ಇಳಿಸದೆ ಬೆಂಚು ಕಾಯಿಸಿದ್ರು, ಹೊಟ್ಟೆ ಉರೀತಿತ್ತು. ಅದನ್ನ ತೆಗೆದು ಬಚ್ಚಿಟ್ಟೆ, ರೈನೋನ ಎರಡು ದಿನ ಆಟ ಆಡಿಸಿ ವಾಪಸ್ ಹಾಕೋಣ ಅಂದ್ಕೊಂಡೆ. ಅಷ್ಟರಲ್ಲಿ ಅವಳ ಮೇಲೆ ಸುದ್ದಿ ಹಬ್ಬಿಬಿಡ್ತು. ಆಮೇಲೆ ನಂಗೆ ಬಾಯಿ ಬರಲಿಲ್ಲ."

"ಐವತ್ತು ವರ್ಷ?"

"ಹೂಂ. ಜೆರ್ಸಿ ಪಕ್ಕದ ಚೀಟೀಲಿ ನನ್ನ ಹೆಸರು ಹಾಕ್ಬೇಡಮ್ಮ. ಯಾರೋ ಕೊಟ್ರು ಅಂತ ಬರಿ."

"ಡೆಲಿಯಾ ಹೆಸರನ್ನ ಯಾರೂ ಮುಚ್ಚಿಡಲಿಲ್ವಲ್ಲ," ಎಂದಳು ಐಲೀನ್. "ಅವರ ಮಗಳು ಮೇವಿಸ್ ಇಲ್ಲೇ ಇದಾರೆ. ಮೊದಲು ಅಲ್ಲಿಗೆ ಹೋಗಿ ಹೇಳಿ."

ಹೋಗುತ್ತೇನೆಂದ. ಅವನ ಮಾತನ್ನು ನಂಬದೆ ಐಲೀನ್ ತನ್ನ ಕಾರಿನಲ್ಲಿ ಹಿಂದೆಯೇ ಹೋದಳು. ಅವನು ದಾರಿಯಲ್ಲಿ ಒಮ್ಮೆ ನಿಂತ, ಆದರೆ ವಾಪಸ್ ತಿರುಗಲಿಲ್ಲ.

ಮೇವಿಸ್ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. ಒಳಗೆ ಕರೆಯಲಿಲ್ಲ.

"ಕೆಲಸ ಹೋದ್ಮೇಲೆ ಅಮ್ಮ ನಿಮ್ಮನೆ ಬಟ್ಟೆ ಒಗೀತಿದ್ಲು," ಎಂದಳು. "ನಿಮ್ಮ ಕಾಲರ್ ಉಜ್ಜಿದಾಳೆ. ಆಗ್ಲೂ ನಿಮಗೆ ಬಾಯಿ ಬರಲಿಲ್ವಾ?"

ಬಾಗಿಲು ಮುಚ್ಚಿತು.

ಜೆರ್ಸಿ ಗಾಜಿನ ಪೆಟ್ಟಿಗೆಗೆ ಹೋದ ಮೇಲೆ, ಮಾರ್ಚ್‌ನಲ್ಲಿ, ಮೇವಿಸ್ ಒಬ್ಬಳೇ ಮ್ಯೂಸಿಯಮ್ಮಿಗೆ ಬಂದಳು. ಕದ್ದವನ ಹೆಸರೂ ಹೊಲಿದವಳ ಹೆಸರೂ ಇದ್ದ ಚೀಟಿಯನ್ನು, ಎಲ್ಲಾದರೂ ಮೋಸವಿದೆಯೋ ಎಂಬಂತೆ ಎರಡು ಸಲ ಓದಿದಳು.

"ಅಕ್ಷರ ಇನ್ನೂ ದೊಡ್ಡದಾಗಿ ಬರೀರಿ," ಎಂದಳು. "ಅಮ್ಮನ ಬಗ್ಗೆ ಆಡಿಕೊಂಡೋರಿಗೆಲ್ಲ ಈಗ ಕಣ್ಣು ಮಂಜು."