ಕರಿಸಿದ್ದಯ್ಯನ ಬೆನ್ನು

"ಇನ್ನೊಸಿ ಅದುಮ್ಲಾ ಬೋರ, ಮಂಡಿ ಇಡ್ಕೊ," ಎಂದ ಬೆಟ್ಟಯ್ಯ.

ನೆರೆಮನೆಯ ಬೋರಯ್ಯ ಹೆಣದ ಮಂಡಿಗಳ ಮೇಲೆ ಭಾರ ಬಿಟ್ಟ. ಕಾಲು ಚಾಚಿದವು, ತಲೆ ಚಟ್ಟದಿಂದ ಮೇಲೆದ್ದಿತು. ಬೆಟ್ಟಯ್ಯ ಸತ್ತ ತಮ್ಮ ಕರಿಸಿದ್ದಯ್ಯನ ತಲೆ ಒತ್ತಿದ. ಈ ಸಲ ಕಾಲು ಮೇಲೆದ್ದವು. ಹೆಂಗಸರಲ್ಲಿ ಯಾರೋ ಕಿಟಾರನೆ ಕಿರುಚಿದರು. ಚಿಕ್ಕನಂಜಮ್ಮ ಕಿರುಚಲಿಲ್ಲ. ಗಂಡನ ಬೆನ್ನಿನೊಳಗಿಂದ ಲಟಕ್ಕೆಂಬ ಸದ್ದು ಈಗ ಬಂತು, ಈಗ ಬಂತು ಎಂದು ಕಿವಿಗೊಟ್ಟು ನಿಂತಿದ್ದಳು.

ಮದುವೆಯಾದ ಹೊಸತರಲ್ಲೇ ಕರಿಸಿದ್ದಯ್ಯನಿಗೆ ಬೆಳಿಗ್ಗೆ ಏಳುವಾಗ ಸೊಂಟ ಹಿಡಿಯುತ್ತಿತ್ತು. ವರ್ಷ ವರ್ಷಕ್ಕೂ ಬಾಗುತ್ತಾ ಬಂದು, ಕಡೆಗೆ ಎದುರಿಗಿದ್ದವರ ಮುಖ ನೋಡಲು ಇಡೀ ಮೈಯನ್ನೇ ಓರೆ ಮಾಡಬೇಕಾಯಿತು. ಆದರೂ ಯಲಿಯೂರಿನಿಂದ ಮಂಡ್ಯದ ಕಾರ್ಖಾನೆಗೆ ಕಬ್ಬಿನ ಗಾಡಿ ಹೊಡೆಯುವುದನ್ನು ಬಿಟ್ಟಿರಲಿಲ್ಲ. "ಎತ್ತಿನ ಗೊರಸು ಕಂಡ್ರೆ ಸಾಕು, ದಾರಿ ಅವಕ್ಕೆ ಗೊತ್ತು," ಎನ್ನುತ್ತಿದ್ದ. ನಿನ್ನೆ ಸಂಜೆ ಉಸಿರು ಕಟ್ಟಿ ಹೋಗಿಬಿಟ್ಟ.

"ಬುಡಿ ಬಾವ, ಮುರ್ದೋಯ್ತದೆ," ಎಂದಳು ಚಿಕ್ಕನಂಜಮ್ಮ.

"ಮುರುದ್ರೆ ಮುರೀಲಿ ಕಣಮ್ಮ. ಅಂಗಾತ ಮನಗಿಸ್ದೆ ಮಣ್ಣು ಮಾಡುದ್ರೆ ಎದ್ದು ಬತ್ತಾನೆ." ಬೆಟ್ಟಯ್ಯ ಮತ್ತೆ ತಲೆ ಒತ್ತಿದ.

ಅವಳಿಗೆ ಅದಕ್ಕಿಂತ ದೊಡ್ಡ ಹೆದರಿಕೆಯೊಂದಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

*

ಎರಡನೇ ಮಹಾಯುದ್ಧ ಶುರುವಾದ ವರ್ಷ ಮಂಡ್ಯದ ಆಸ್ಪತ್ರೆಗೆ ಹೋಗಿದ್ದಾಗ, ಡಾಕ್ಟರರ ಕೋಣೆಯ ಮೂಲೆಯಲ್ಲಿ ಒಂದು ಅಸ್ಥಿಪಂಜರ ತೂಗುತ್ತಿತ್ತು. ಚಿಕ್ಕನಂಜಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಕರಿಸಿದ್ದಯ್ಯ ಹತ್ತಿರ ಹೋಗಿ ಅದರ ಪಕ್ಕೆಲುಬನ್ನು ಮುಟ್ಟಿ ನೋಡಿದ.

"ಬೆನ್ನುಮೂಳೆ ಅಂದರೆ ಬಿಡಿ ಬಿಡಿ ಮೂಳೆಗಳಪ್ಪ," ಎಂದರು ಡಾಕ್ಟರು. "ನಡುವೆ ಮೆತ್ತೆ ಇರುತ್ತೆ, ಅದಕ್ಕೇ ಬಾಗುತ್ತೆ. ನಿನ್ನವು ಒಂದಕ್ಕೊಂದು ಬೆಸೆದುಕೊಂಡಿವೆ. ಪಕ್ಕೆಲುಬಿನ ಬುಡವೂ ಹಾಗೇ ಆಗಿದೆ."

"ಇದ್ಯಾರ್ದು ಸಾಮಿ?"

"ಯಾರೋ ಕೇಳೋರಿಲ್ಲದವರದು." ಡಾಕ್ಟರು ಅವನ ಬೆನ್ನಿನ ಮೇಲೆ ಮೆಲ್ಲಗೆ ಬೆರಳಾಡಿಸಿದರು. "ನಿನ್ನ ಕಾಲಾನಂತರ ಇದನ್ನ ನಮಗೆ ಕೊಡ್ತೀಯಾ? ಓದೋ ಹುಡುಗರಿಗೆ ಉಪಯೋಗವಾಗುತ್ತೆ."

"ತಕ್ಕೊಳಿ. ಆಗ್ಲಾದ್ರೂ ನೆಟ್ಟುಗ್ ನಿಲ್ಸಿ," ಎಂದು ಅವನು ನಕ್ಕ.

ಅವಳು ನಗಲಿಲ್ಲ. ಆ ದಿನದಿಂದ ರಸ್ತೆಯಲ್ಲಿ ಮೋಟಾರಿನ ಸದ್ದಾದರೆ, ಆಸ್ಪತ್ರೆಯವರು ಆ ಬೆನ್ನು ಕೇಳಿಕೊಂಡು ಬಂದರೇನೋ ಎಂದು ಬಾಗಿಲಿಗೆ ಬಂದು ನೋಡುತ್ತಿದ್ದಳು.

*

ಗುಂಡಿಯನ್ನು ಮನೆಯ ಹಿಂಬಾಗಿಲಿಗೆ ಕಾಣುವ ಹಾಗೆ ಸ್ವಂತ ಹೊಲದ ಬದುವಿನ ಪಕ್ಕದಲ್ಲೇ ತೋಡಿಸಿದ್ದಳು. ಬಾಗಿದ್ದಂತೆಯೇ ಹೆಣವನ್ನು ಹೊತ್ತು ತಂದು ಇಳಿಸುವಷ್ಟರಲ್ಲಿ ದೂರದಲ್ಲಿ ಮೋಟಾರಿನ ಗುರುಗುಟ್ಟುವಿಕೆ ಕೇಳಿತು. ಚಿಕ್ಕನಂಜಮ್ಮ ಗುಂಡಿಗೂ ರಸ್ತೆಗೂ ನಡುವೆ ಬಂದು ನಿಂತಳು. ಆಸ್ಪತ್ರೆಯ ಮೋಟಾರಲ್ಲ; ಪೆಟ್ರೋಲಿನ ಬದಲು ಇದ್ದಿಲಿನಲ್ಲಿ ಓಡುವ ಮೈಸೂರಿನ ಬಸ್ಸು ಹೊಗೆಯುಗುಳುತ್ತಾ ಹಾದುಹೋಯಿತು.

"ಬಿರ್ನೆ ಮುಗ್ಸಿ ಬಾವ," ಎಂದಳು.

ಗುಂಡಿ ನೆಟ್ಟಗಿದ್ದವರಿಗೆ ತೋಡಿದ ಗುಂಡಿ, ಉದ್ದ ಮತ್ತು ಇಕ್ಕಟ್ಟು. ಹೆಣ ಅದರಲ್ಲಿ ಕೂರಲಿಲ್ಲ. ಬೆಟ್ಟಯ್ಯ ಗುದ್ದಲಿಯನ್ನು ತಿರುಗಿಸಿ ಮರದ ಕಾವನ್ನು ಮುಂದೆ ಹಿಡಿದ.

"ಸೊಂಟಕ್ಕೆ ಒಂದೇಟು ಆಕ್ಬುಡ್ತೀನಿ. ಎಲ್ರೂ ಅತ್ಲಾಗ್ ತಿರುಗ್ಕಳಿ."

ಎಲ್ಲರೂ ತಿರುಗಿಕೊಂಡರು. ಅವಳು ತಿರುಗಲಿಲ್ಲ. ಆ ಬಾಗಿದ ಬೆನ್ನು ನಡೆಸಿದ ಸಂಸಾರ ತನ್ನದು ಎನಿಸಿತೋ ಏನೋ, ಅಲ್ಲಿಯವರೆಗೆ ಬಾವನೆದುರು ಸೆರಗು ಸರಿಸದವಳು ಅವನ ಕೈಯ ಗುದ್ದಲಿ ಹಿಡಿದುಕೊಂಡಳು.

"ಒಡೀಬ್ಯಾಡಿ. ಅವ್ರು ಅಂಗಾತ ಮನೀಕಂಡು ಎಷ್ಟೋ ವರ್ಸಾಯ್ತು."

"ಎದ್ದು ಬಂದ್ರೆ ಏನ್ಮಾಡೀಯೆ?"

"ಬಂದ್ರೆ ನಮ್ಮನೇಗ್ ತಾನೆ ಬರಾದು? ಬರ್ಲಿ. ಗುಂಡಿ ಅಗಲ ಮಾಡಿ."

"ಎಷ್ಟ್ ಅಗಲ ಅಂತ ತೋಡ್ಲವ್ವ?" ಬೆಟ್ಟಯ್ಯ ಗುದ್ದಲಿಯನ್ನು ನೆಲಕ್ಕೂರಿದ.

ಹೆಣವನ್ನು ಮೇಲೆತ್ತಿಸಿ, ಚಿಕ್ಕನಂಜಮ್ಮ ತಾನೇ ಗುಂಡಿಗಿಳಿದಳು. ಹಸಿ ಮಣ್ಣಿನ ಮೇಲೆ ಮಗ್ಗುಲಾಗಿ ಮಲಗಿ, ಮಂಡಿ ಮಡಿಸಿ, ಗಲ್ಲವನ್ನು ಎದೆಗಾನಿಸಿದಳು.

"ಇಂಗೆ ಮನೀಕತಿದ್ರು. ಇಷ್ಟಕ್ಕೆ ಅಗೀರಿ."

ಬೆಟ್ಟಯ್ಯ ಅವಳ ಬೆನ್ನ ಸುತ್ತ ಗುದ್ದಲಿಯ ಮೂಲೆಯಿಂದ ಗೆರೆ ಎಳೆಯತೊಡಗಿದ. ಕಣ್ಣು ಮುಚ್ಚಿದ್ದ ಅವಳು, ಅಭ್ಯಾಸ ಬಲದಿಂದ, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು ಗುಂಡಿಯ ಅಂಚಿಗೆ ಸರಿದಳು.