ಗಾಬ್ರೊವೊದ ಬಣ್ಣದ ಮನೆ

ರಾಲ್ಚೊ ಮೇಷ್ಟ್ರು ನಮ್ಮ ಮನೆಯಲ್ಲಿ ಅಡಗಿ ಅಂದಿಗೆ ಮೂರನೇ ದಿನ. ನಮ್ಮನ್ನಾಳುತ್ತಿದ್ದ ಸುಲ್ತಾನನ ವಿರುದ್ಧ ಊರೂರಲ್ಲಿ ಗುಟ್ಟಿನ ಸಂಘ ಕಟ್ಟುತ್ತಿದ್ದವರು ಅವರು. ಅವರನ್ನು ಹಿಡಿದುಕೊಡಿ ಅಂತ ಗಾಬ್ರೊವೊ ಪೇಟೆಯಲ್ಲಿ ಡಂಗುರ ಹೊಡೆಸಿದ್ದರು. ನೂಲಿಗೆ ಬಣ್ಣ ಹಾಕುವುದು ನಮ್ಮ ಕಸುಬು; ನನ್ನ ಗಂಡ ಪೆನ್ಚೊ ಉಣ್ಣೆ ನೂಲು ತರಲು ತಿರ್ನೊವೊಗೆ ಹೋಗಿದ್ದ.

ಮಧ್ಯಾಹ್ನ ಕಾಳಿನ ಸಾರು ತಿರುವುತ್ತಿದ್ದೆ. ಸೇತುವೆ ಕಡೆಯಿಂದ ಕುದುರೆಗಳ ಸದ್ದು ಕೇಳಿಸಿತು.

"ಅತ್ತಿಗೆ, ಹಿತ್ತಲಿಂದ ಓಡ್ಲಾ?"

"ಅಲ್ಲೂ ನಿಂತಿರ್ತಾರೆ ಮೇಷ್ಟ್ರೇ. ನಮ್ಮನೆಯವರ ಹಳೇ ಅಂಗಿ ಹಾಕ್ಕೊಂಡು ಬಣ್ಣದ ತೊಟ್ಟಿಗೆ ಕೈ ಇಳಿಸಿ. ಬಾಯಿ ಮಾತ್ರ ಬಿಡ್ಬೇಡಿ."

ದಫೇದಾರ ಇಬ್ಬರು ಸಿಪಾಯಿಗಳ ಜೊತೆ ಒಳಗೆ ಬಂದ. "ಇವನ್ಯಾರು?"

"ನನ್ ಮೈದುನ. ಹುಟ್ಟು ಕಿವುಡ, ಮೂಗ."

"ಕೆಲಸ ಬರುತ್ತೇನು? ನೂಲು ಎತ್ತಿ ತೋರಿಸಲಿ."

ನಾನು ಕೈಸನ್ನೆ ಮಾಡಿದೆ. ಮೇಷ್ಟ್ರು ನೂಲಿನ ಲಡಿ ಎತ್ತಿದರು. ನೀಲಿ ತೊಟ್ಟಿಯಿಂದ ಬಂದದ್ದು ಹಸಿರು ನೂಲು! ಗಾಳಿ ತಾಗಿದ ಮೇಲೇ ಅದು ನೀಲಿಯಾಗುವುದೆಂದು ಅವರಿಗೆ ಗೊತ್ತಿರಲಿಲ್ಲ. ಗಾಬರಿಯಾಗಿ ಮತ್ತೆ ಮುಳುಗಿಸಹೋದರು. ದಫೇದಾರ ಹುಬ್ಬು ಗಂಟಿಕ್ಕಿದ.

ನಾನು ನುಗ್ಗಿ ಅವರ ಕಪಾಳಕ್ಕೆ ಬಾರಿಸಿದೆ. "ಕತ್ತೆ! ಗಾಳಿಗೆ ಹಿಡಿಯೋ ಅಂತ ಎಷ್ಟು ಸಲ ಬಡ್ಕೊಳ್ಳಲಿ?"

"ಕಿವುಡನ್ನ ಬೈದೇನಮ್ಮ ಪ್ರಯೋಜನ?" ಒಬ್ಬ ಸಿಪಾಯಿ ನಕ್ಕ.

"ಬೈದ್ರೆ ನಂಗೆ ಸಮಾಧಾನ."

ಲಡಿ ನಿಧಾನಕ್ಕೆ ನೀಲಿಗೆ ತಿರುಗಿತು. ದಫೇದಾರ ಮಾತ್ರ ನಗಲಿಲ್ಲ. ಸದ್ದಿಲ್ಲದೆ ಮೇಷ್ಟ್ರ ಬೆನ್ನ ಹಿಂದೆ ಹೋಗಿ, ಇದ್ದಕ್ಕಿದ್ದಂತೆ ಕಿರುಚಿದ: "ರಾಲ್ಚೊ!"

ಮೇಷ್ಟ್ರು ರೆಪ್ಪೆಯನ್ನೂ ಅಲ್ಲಾಡಿಸಲಿಲ್ಲ. ನನ್ನ ಕೈಯ ಸೌಟು ಠಣ್ಣನೆ ಬಿತ್ತು.

"ನೀನ್ಯಾಕೆ ಬೆಚ್ಚಿದೆ?"

ಸೌಟು ಎತ್ತಿಕೊಂಡೆ. "ನಂಗೆ ಕಿವಿ ಕೇಳ್ಸುತ್ತಲ್ಲ ಸ್ವಾಮಿ."

ಸಿಪಾಯಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ದಫೇದಾರ ನನ್ನನ್ನೇ ಒಂದು ಗಳಿಗೆ ದಿಟ್ಟಿಸಿ, ಕೊನೆಗೆ ಹೊರಟ.

ಗೊರಸಿನ ಸದ್ದು ಪೂರ್ತಿ ಅಡಗಿದ ಮೇಲೆ ಮೇಷ್ಟ್ರು ಲಡಿ ಕೆಳಗಿಟ್ಟರು.

"ಹೊಡೆದಿದ್ದಕ್ಕೆ ಕ್ಷಮಿಸಿ ಮೇಷ್ಟ್ರೇ."

"ಅದಿರಲಿ ಅತ್ತಿಗೆ. ಅವನು ಕೂಗಿದಾಗ ನಮ್ಮಮ್ಮ ಊಟಕ್ಕೆ ಕರೆದ ಹಾಗಾಯ್ತು. ಇನ್ನೊಂದ್ಸಲ ಕರೆದಿದ್ರೆ ತಿರುಗಿಬಿಡ್ತಿದ್ದೆ."

ಆ ಸಂಜೆಯೇ ಮೇಷ್ಟ್ರು ಉಣ್ಣೆ ಹೊರೆಯ ಹೇಸರಗತ್ತೆ ಹೊಡೆದುಕೊಂಡು ಬೆಟ್ಟ ದಾಟಿ ಹೋದರು. ಮರುವರ್ಷದ ವಸಂತದಲ್ಲಿ ಜನ ದಂಗೆ ಎದ್ದರು; ಸುಲ್ತಾನನ ದಂಡು ಅದನ್ನು ಹತ್ತಿಕ್ಕಿತು. ಕಣಿವೆಯ ಬಾಯಲ್ಲಿ ಮೇಷ್ಟ್ರು ಗುಂಡಿಗೆ ಬಲಿಯಾದರು ಅಂತ ಕುರುಬನೊಬ್ಬ ಸುದ್ದಿ ತಂದ. ಪೆನ್ಚೊ ಗೋಡೆ ಕಡೆ ಮುಖ ಮಾಡಿ ಕೂತ.

ಸಂಘ ಮಾತ್ರ ಅಳಿದಿಲ್ಲ; ಅದರ ಗುಟ್ಟಿನ ಪತ್ರಗಳು ಈಗಲೂ ನಮ್ಮ ಮನೆಗೇ ಬರುತ್ತವೆ. ಬಾಗಿಲು ತಟ್ಟಿದಾಗಲೆಲ್ಲ ದಫೇದಾರನೇ ಬಂದನೇನೋ ಅನ್ನಿಸುತ್ತದೆ. ಆದರೂ ಹೋಗಿ ತೆಗೆಯುತ್ತೇನೆ.